ಫಿಟ್ಸ್ ಇಲ್ಲದ ಮಗುವಿಗೆ ಫಿಟ್ಸ್ ಸಿರಪ್ ಯಾಕೆ?

ಎಷ್ಟೋ ಅಪ್ಪ ಅಮ್ಮಂದಿರಿಗೆ ಈ ವಿಷಯ ಗೊತ್ತಾಗುವುದು ಮೆಡಿಕಲ್ ಶಾಪಿನಲ್ಲಿ. ಅಂಗಡಿಯವನು ಬಾಟಲಿ ಕೈಗಿಡುತ್ತಾ "ಮಗೂಗೆ ಫಿಟ್ಸ್ ಬರುತ್ತಾ?" ಅಂತ ಕೇಳುತ್ತಾನೆ. ಇಲ್ಲವಲ್ಲ! ಹುಡುಗನಿಗೆ ಇರುವುದು ಆಟಿಸಂ. ಕೈ ಕಚ್ಚಿಕೊಳ್ಳುತ್ತಾನೆ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ, ತಂಗಿಯ ಜುಟ್ಟು ಹಿಡಿದರೆ ಬಿಡುವುದಿಲ್ಲ. ಡಾಕ್ಟರ ಹತ್ತಿರ ಹೋಗಿದ್ದೇ ಅದಕ್ಕೆ. ಬಾಟಲಿ ಮೇಲೆ ಬರೆದಿರುವುದು ಸೋಡಿಯಂ ವಾಲ್‌ಪ್ರೋಯೇಟ್. ಫೋನಿನಲ್ಲಿ ಹುಡುಕಿದರೆ ಮೊದಲು ಕಾಣುವ ಪದ ಅಪಸ್ಮಾರ. ಅವತ್ತು ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ಚೀಟಿ ಅದಲುಬದಲಾಗಿಲ್ಲ. ಈ ಔಷಧಿ ಇಲ್ಲಿಗೆ ಬಂದ ದಾರಿ ಎಂಬತ್ತು ವರ್ಷಕ್ಕಿಂತ ಹಳೆಯದು. ಅದು ಶುರುವಾಗಿದ್ದು ಒಂದು ಅನುಮಾನದಿಂದ: ಮಕ್ಕಳ ರಂಪಾಟ ಅನ್ನುವುದು ಕೈಕಾಲು ಸೆಳೆಯದೆ, ಮಿದುಳಿನೊಳಗೇ ಬಂದುಹೋಗುವ ಫಿಟ್ಸ್ ಆಗಿರಬಹುದಾ?

ಅನುಮಾನ ಹುಟ್ಟಿಸಿದ್ದು ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ಗೆರೆಗಳಾಗಿ ಬರೆಯುವ ಯಂತ್ರ. ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯರ ಮಿದುಳಿನ ವಿದ್ಯುತ್ ಅಲೆಗಳ ಬಗ್ಗೆ ಬರೆದದ್ದು 1929ರಲ್ಲಿ. 1938ರ ಹೊತ್ತಿಗೆ ಅಮೆರಿಕದಲ್ಲಿ 'ತುಂಬಾ ಗಲಾಟೆ' ಅಂತ ಹೆಸರಾದ ಮಕ್ಕಳ ತಲೆಗೂ ತಂತಿ ಅಂಟಿಸಿ ನೋಡಿದರು. ಫಿಟ್ಸ್ ಇಲ್ಲದ ಮಕ್ಕಳಲ್ಲೂ ಅಲೆಗಳು ಏರುಪೇರಾಗಿ ಕಂಡವು. ಅದೇ ವರ್ಷ ಫೆನಿಟಾಯಿನ್ ಅನ್ನುವ ಹೊಸ ಫಿಟ್ಸ್ ಔಷಧಿಯೂ ಬಂತು. 1947ಕ್ಕೆ ಇಇಜಿ ಸರಿಯಿಲ್ಲದ ಹಠಮಾರಿ ಮಕ್ಕಳಿಗೆ ಅದನ್ನು ಕೊಟ್ಟು, ಗುಣ ಕಂಡಿದೆ ಎಂದು ವೈದ್ಯರು ಬರೆದರು. ಮುಂದೆ ಜಾಕ್ ಡ್ರೇಫಸ್ ಎಂಬ ಶೇರು ಮಾರುಕಟ್ಟೆಯ ಸಿರಿವಂತ, ತನ್ನ ಖಿನ್ನತೆ ಇದರಿಂದಲೇ ವಾಸಿಯಾಯಿತು ಎಂದು ನಂಬಿ, ಇದರ ಪ್ರಚಾರಕ್ಕೆ ಕೋಟಿಗಟ್ಟಲೆ ಸುರಿದ. ಆದರೆ 1971ರಲ್ಲಿ ಪುಂಡ ಹುಡುಗರ ಮೇಲೆ ಸರಿಯಾಗಿ ಪರೀಕ್ಷೆ ಮಾಡಿದಾಗ ಏನೂ ಲಾಭ ಕಾಣಲಿಲ್ಲ. ಈ ಸರಣಿಯನ್ನು ನೆನಪಿಟ್ಟುಕೊಳ್ಳಿ. ಮೊದಲು ನಾಲ್ಕಾರು ಮಕ್ಕಳ ಸಂತೋಷದ ಸುದ್ದಿ, ಆಮೇಲೆ ಸರಿಯಾದ ಪರೀಕ್ಷೆ, ಆಮೇಲೆ ಮೌನ. ಇದು ಮತ್ತೆ ಮತ್ತೆ ಬರುತ್ತದೆ.

ಆಟಿಸಂ ಕಡೆಗೆ ಬರೋಣ. ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಇರುವ 11 ಮಕ್ಕಳ ಬಗ್ಗೆ ಬರೆದರು. ಮುಂದಿನ ಎರಡು ದಶಕ ಬೈಗುಳ ಬಿದ್ದದ್ದು ತಾಯಂದಿರಿಗೆ. ಫ್ರಿಜ್ಜಿನ ಹಾಗೆ ತಣ್ಣಗಿರುವ ತಾಯಿಯಿಂದಲೇ ಮಗು ಹೀಗಾಗಿದೆ ಎಂಬ ಮಾತನ್ನು ದೊಡ್ಡ ದೊಡ್ಡವರೇ ನಂಬಿದ್ದರು. ಆದರೆ ಈ ಮಕ್ಕಳು ಹದಿಹರೆಯಕ್ಕೆ ಬರುತ್ತಿದ್ದ ಹಾಗೆ ಕೆಲವರಿಗೆ ಫಿಟ್ಸ್ ಶುರುವಾಯಿತು. 1971ರಲ್ಲಿ ಕ್ಯಾನರ್ ತಮ್ಮ ಹಳೆಯ 11 ಮಕ್ಕಳನ್ನು ಮತ್ತೆ ವಿಚಾರಿಸಿದಾಗ ಇಬ್ಬರಿಗೆ ಫಿಟ್ಸ್ ಬಂದಿತ್ತು. ಅಮ್ಮ ಮುದ್ದು ಮಾಡಲಿಲ್ಲ ಅಂತ ಯಾರಿಗಾದರೂ ಫಿಟ್ಸ್ ಬರುತ್ತದಾ? ಸಮಸ್ಯೆ ಮಿದುಳಿನದು ಅನ್ನುವುದಕ್ಕೆ ಸಿಕ್ಕ ಗಟ್ಟಿ ಸಾಕ್ಷಿಗಳಲ್ಲಿ ಇದೂ ಒಂದು. ಮಕ್ಕಳ ಕಷ್ಟವೇ ತಾಯಂದಿರ ಮೇಲಿನ ಅಪವಾದ ಕಳೆಯಿತು.

ನಂಟು ನಿಜವೇ. 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಆಟಿಸಂ ಜೊತೆಗೆ ಬುದ್ಧಿಮಾಂದ್ಯವೂ ಇದ್ದವರಲ್ಲಿ ಶೇ. 21.5 ಮಂದಿಗೆ, ಅದು ಇಲ್ಲದವರಲ್ಲಿ ಶೇ. 8 ಮಂದಿಗೆ ಫಿಟ್ಸ್ ಇತ್ತು. ಫಿಟ್ಸ್ ಇರುವ ಮಗುವಿಗೆ ಔಷಧಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ತಕರಾರು ಇರುವುದು ಫಿಟ್ಸ್ ಬರದೆ ಇಇಜಿ ಮಾತ್ರ ಸರಿಯಿಲ್ಲದ ಮಕ್ಕಳ ವಿಷಯದಲ್ಲಿ. ಆಟಿಸಂನಲ್ಲಿ ಅಂಥವರು ಬಹಳ.

ಆ ಇಇಜಿ ತೆಗೆಸುವುದು ಸುಲಭ ಅಂದುಕೊಳ್ಳಬೇಡಿ. ಪರೀಕ್ಷೆಯಲ್ಲಿ ನಿದ್ದೆ ಬರಲಿ ಅಂತ ಹಿಂದಿನ ರಾತ್ರಿ ಮಗುವನ್ನು ಎಬ್ಬಿಸಿ ಕೂರಿಸಿರಬೇಕು. ಬೆಳಿಗ್ಗೆ ಎಣ್ಣೆಯ ಜಿಡ್ಡಿಲ್ಲದ ತಲೆಯಲ್ಲಿ ಹಾಜರಾಗಬೇಕು. ಬಾಚಣಿಗೆ ಮುಟ್ಟಿಸಿದರೇ ಕಿರುಚುವ ಮಗು ಅದು. ಅದರ ತಲೆಗೆ ತಣ್ಣನೆಯ ಪೇಸ್ಟ್ ಹಚ್ಚಿ ಇಪ್ಪತ್ತು ತಂತಿ ಅಂಟಿಸಬೇಕು. ನಿದ್ದೆ ಸಿರಪ್ ಕುಡಿಸಿ, ಅಪ್ಪ ಕಾಲು ಹಿಡಿದು, ಅಮ್ಮ ಪಕ್ಕದಲ್ಲಿ ಮಲಗಿ ಜೋಗುಳ ಹಾಡಿ, ಕೊನೆಗೆ ಕಾಗದದ ಮೇಲೆ ಒಂದಿಷ್ಟು ಚೂಪು ಗೆರೆ. ಇಷ್ಟು ಒದ್ದಾಡಿ ಸಿಕ್ಕ ಗೆರೆಗೆ ಏನೋ ಅರ್ಥ ಇರಲೇಬೇಕು ಅಂತ ಮನಸ್ಸಿಗೆ ಅನ್ನಿಸದೆ ಇರುತ್ತದಾ?

ಆ ಗೆರೆಗೆ ಬೆಲೆ ತಂದದ್ದು 1957ರಲ್ಲಿ ಲ್ಯಾಂಡೌ ಮತ್ತು ಕ್ಲೆಫ್ನರ್ ಗುರುತಿಸಿದ ಅಪರೂಪದ ಕಾಯಿಲೆ. ಚೆನ್ನಾಗಿ ಮಾತಾಡುತ್ತಿದ್ದ ಮಗು ಮಾತು ಕಳೆದುಕೊಳ್ಳುತ್ತದೆ. ನಿದ್ದೆಯಲ್ಲಿ ಇಇಜಿ ತೆಗೆದರೆ ಚೂಪು ಗೆರೆಗಳ ಸಾಲು. ಆಟಿಸಂನಲ್ಲೂ ಕೆಲವು ಮಕ್ಕಳು ಒಂದೂವರೆ, ಎರಡು ವರ್ಷದಲ್ಲಿ ಬಂದ ಮಾತು ಬಿಟ್ಟುಬಿಡುತ್ತಾರಲ್ಲ, ಅದೂ ಇದೇ ಥರದ್ದಾ? ಹಾಗಿದ್ದರೆ ಫಿಟ್ಸ್ ಔಷಧಿಯಿಂದ ಮಾತು ಮರಳಬಹುದು ಎಂಬ ಆಸೆ 1990ರ ದಶಕದಲ್ಲಿ ಜೋರಾಗಿತ್ತು. 1994ರಲ್ಲಿ ಮೂರೇ ಮೂರು ಮಕ್ಕಳಿಗೆ ವಾಲ್‌ಪ್ರೋಯೇಟ್ ಕೊಟ್ಟು ಸುಧಾರಣೆ ಕಂಡ ವರದಿ ಬಂತು.

ಈ ವಾಲ್‌ಪ್ರೋಯೇಟ್ ಹುಟ್ಟಿದ ಕತೆ ತಮಾಷೆಯಾಗಿದೆ. 1882ರಲ್ಲೇ ತಯಾರಾಗಿದ್ದರೂ ಎಂಬತ್ತು ವರ್ಷ ಅದನ್ನು ಬಳಸಿದ್ದು ಬೇರೆ ಪದಾರ್ಥ ಕರಗಿಸುವ ದ್ರವವಾಗಿ ಮಾತ್ರ. 1962ರಲ್ಲಿ ಫ್ರಾನ್ಸಿನ ಪಿಯೇರ್ ಎಮಾರ್ ಎಂಬ ವಿದ್ಯಾರ್ಥಿ ಹೊಸ ಔಷಧಿಗಳನ್ನು ಅದರಲ್ಲಿ ಕರಗಿಸಿ ಪರೀಕ್ಷೆಗೆ ಕೊಟ್ಟ. ಯಾವುದನ್ನು ಕೊಟ್ಟರೂ ಪ್ರಾಣಿಗಳ ಫಿಟ್ಸ್ ನಿಲ್ಲುತ್ತಿತ್ತು! ಕೆಲಸ ಮಾಡುತ್ತಿದ್ದದ್ದು ಔಷಧಿಯಲ್ಲ, ಅದನ್ನು ಕರಗಿಸಿದ ದ್ರವ. ಮುಂದೆ ಇದು ಮನಸ್ಸಿನ ಏರಿಳಿತಕ್ಕೂ ಆಗುತ್ತದೆ ಅಂತ ಗೊತ್ತಾಯಿತು. 1995ರಲ್ಲಿ ಬೈಪೋಲಾರ್ ಕಾಯಿಲೆಯ ಉನ್ಮಾದಕ್ಕೆ, ಔಷಧಿಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅಲ್ಲಿಂದ 'ಮೂಡ್ ಸರಿಮಾಡುವ ಔಷಧಿ' ಅನ್ನುವ ಎರಡನೇ ಹೆಸರು ಅಂಟಿಕೊಂಡಿತು. ಇವತ್ತು ಆಟಿಸಂ ಮಗುವಿನ ಚೀಟಿಯಲ್ಲಿ ಇದು ಇದ್ದರೆ ಜಾಸ್ತಿ ಪಾಲು ಈ ಎರಡನೇ ಹೆಸರಿನ ಬಲದಿಂದ.

ಹಾಗಾದರೆ ಕೆಲಸ ಮಾಡುತ್ತದಾ? 2001ರಲ್ಲಿ ನ್ಯೂಯಾರ್ಕಿನ ಎರಿಕ್ ಹೊಲಾಂಡರ್ ತಂಡ, ಇದನ್ನು ತೆಗೆದುಕೊಂಡ 14 ಜನರಲ್ಲಿ 10 ಮಂದಿಗೆ ಗುಣ ಕಂಡಿದೆ ಎಂದಿತು. ಆದರೆ ಅದರಲ್ಲಿ ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. 2005ರಲ್ಲಿ ಹೆಲ್ಲಿಂಗ್ಸ್ ತಂಡ 6ರಿಂದ 20 ವರ್ಷದ 30 ಜನರನ್ನು ತೆಗೆದುಕೊಂಡು, ಕೆಲವರಿಗೆ ನಿಜವಾದ ಔಷಧಿ, ಉಳಿದವರಿಗೆ ಸುಳ್ಳು ಔಷಧಿ, ಅಂದರೆ ನೋಡಲು ಅದೇ ಥರ ಇದ್ದು ಒಳಗೆ ಔಷಧಿಯ ಅಂಶವೇ ಇಲ್ಲದ್ದನ್ನು ಕೊಟ್ಟಿತು. ಯಾರಿಗೆ ಯಾವುದು ಅಂತ ಮನೆಯವರಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಎಂಟು ವಾರದ ನಂತರ ಎರಡು ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಸುಳ್ಳು ಔಷಧಿ ಕುಡಿದವರೂ ಸುಧಾರಿಸಿದ್ದರು. 2010ರಲ್ಲಿ ಹೊಲಾಂಡರ್ ತಂಡವೇ 27 ಮಕ್ಕಳ ಮೇಲೆ ಅದೇ ಥರ 12 ವಾರ ಪರೀಕ್ಷಿಸಿದಾಗ ಮಾತ್ರ ಸಿಡುಕುತನ ಕಡಿಮೆಯಾಯಿತು. ಔಷಧಿ ಗುಂಪಿನಲ್ಲಿ ಶೇ. 62.5 ಮಕ್ಕಳಿಗೆ, ಸುಳ್ಳು ಔಷಧಿ ಗುಂಪಿನಲ್ಲಿ ಶೇ. 9 ಮಕ್ಕಳಿಗೆ ಗುಣ ಕಂಡಿತು. ಅಂಕಿ ಜೋರಾಗಿದೆ, ಮಕ್ಕಳ ಸಂಖ್ಯೆ ಮಾತ್ರ ಒಂದು ತರಗತಿಗೂ ಸಾಲದು.

ಬೇರೆ ಫಿಟ್ಸ್ ಔಷಧಿಗಳದ್ದು ಇನ್ನೂ ಸಪ್ಪೆ. ಲ್ಯಾಮೋಟ್ರಿಜಿನ್ ಬಗ್ಗೆ ಮೊದಲು ಸ್ವೀಡನ್ನಿನಿಂದ ಒಳ್ಳೆಯ ಸುದ್ದಿ ಬಂದಿತ್ತು. 2001ರಲ್ಲಿ 28 ಮಕ್ಕಳ ಮೇಲೆ ಸುಳ್ಳು ಮಾತ್ರೆ ಜೊತೆ ಹೋಲಿಸಿದಾಗ ವ್ಯತ್ಯಾಸವೇ ಇಲ್ಲ. ಆದರೆ ಅಪ್ಪ ಅಮ್ಮಂದಿರು ತುಂಬಿದ ಪಟ್ಟಿಗಳಲ್ಲಿ ಎರಡೂ ಗುಂಪಿನ ಮಕ್ಕಳು ಚೆನ್ನಾಗಿ ಸುಧಾರಿಸಿದ್ದರು! ಇದನ್ನು ಕೇಳಿ ನಗಬೇಡಿ. ಮನೆಯವರು ಡಾಕ್ಟರ ಹತ್ತಿರ ಓಡುವುದೇ ತೀರಾ ಕೆಟ್ಟ ವಾರದಲ್ಲಿ. ಅಂಥ ವಾರದ ನಂತರ ಬರುವ ವಾರ ಸಾಮಾನ್ಯವಾಗಿ ಸ್ವಲ್ಪ ವಾಸಿಯೇ ಇರುತ್ತದೆ. ಹುಡುಗನಿಗೆ ಹುಳುಕು ಹಲ್ಲು ನೋಯುತ್ತಿತ್ತೋ, ನಾಲ್ಕು ದಿನದಿಂದ ಹೊಟ್ಟೆ ಕಟ್ಟಿತ್ತೋ, ಬಾಯಿ ಬಿಟ್ಟು ಹೇಳಲಾರ. ನೋವು ತಾನಾಗಿ ಇಳಿದರೆ ಹೆಸರು ಸಿರಪ್ಪಿಗೆ. ಲೆವೆಟಿರಾಸಿಟಮ್ ಕತೆ ಉಲ್ಟಾ. ಅದರ ಗೊತ್ತಿರುವ ಅಡ್ಡ ಪರಿಣಾಮವೇ ಸಿಡುಕು, ಕೋಪ. ಫಿಟ್ಸ್‌ಗೆ ಅದನ್ನು ಶುರುಮಾಡಿದ ಮೇಲೆ ಗಲಾಟೆ ಜಾಸ್ತಿಯಾದರೆ ಡಾಕ್ಟರಿಗೆ ತಕ್ಷಣ ಹೇಳಬೇಕು.

2014ರಲ್ಲಿ ಇಂಥ ಏಳು ಪರೀಕ್ಷೆಗಳನ್ನು, ಒಟ್ಟು 171 ಜನರನ್ನು, ಸೇರಿಸಿ ಲೆಕ್ಕ ಹಾಕಿದರು. ಫಿಟ್ಸ್ ಔಷಧಿಗಳು ಸುಳ್ಳು ಔಷಧಿಗಿಂತ ಮೇಲು ಅಂತ ತೋರಲಿಲ್ಲ. ಅಷ್ಟರಲ್ಲಿ ಆಟಿಸಂನ ಸಿಡುಕುತನಕ್ಕೆ ಎಫ್‌ಡಿಎ ಬೇರೆ ಎರಡು ಔಷಧಿಗೆ ಒಪ್ಪಿಗೆ ಕೊಟ್ಟಾಗಿತ್ತು: 2006ರಲ್ಲಿ ರಿಸ್ಪೆರಿಡೋನ್, 2009ರಲ್ಲಿ ಅರಿಪಿಪ್ರಜೋಲ್. ಅವುಗಳ ಸಾಕ್ಷ್ಯ ಗಟ್ಟಿ, ತೊಂದರೆಗಳೂ ಗಟ್ಟಿ, ಮುಖ್ಯವಾಗಿ ಮೈ ತೂಕ. ಅವು ಒಗ್ಗದಿದ್ದಾಗ, ಇಲ್ಲವೇ ಸಾಲದಿದ್ದಾಗ, ವೈದ್ಯರ ಕೈ ಮತ್ತೆ ವಾಲ್‌ಪ್ರೋಯೇಟ್ ಕಡೆಗೆ ಹೋಗುತ್ತದೆ. ನನಗೆ ಇದು ತಪ್ಪು ಅನ್ನಿಸುವುದಿಲ್ಲ. ದಿನಾ ರಕ್ತ ಬರುವ ಹಾಗೆ ಕೈ ಕಚ್ಚಿಕೊಳ್ಳುವ ಮಗುವನ್ನು ಇಟ್ಟುಕೊಂಡು 'ಸಾಕ್ಷ್ಯ ಬರಲಿ, ಕಾಯಿರಿ' ಅನ್ನಲಾಗುವುದಿಲ್ಲ. ಆದರೆ ಯಾಕೆ ಕೊಡುತ್ತಿದ್ದೇವೆ, ಎಷ್ಟು ದಿನ ನೋಡುತ್ತೇವೆ ಅಂತ ಚೀಟಿ ಬರೆಯುವಾಗಲೇ ಹೇಳಬೇಕಲ್ವಾ? ಲಿವರ್, ಪ್ಲೇಟ್‌ಲೆಟ್ ನೋಡಲು ರಕ್ತ ಪರೀಕ್ಷೆ ಆಗುತ್ತಿರಬೇಕು. ಎರಡು ವರ್ಷದೊಳಗಿನ ಮಕ್ಕಳಲ್ಲಿ ಲಿವರ್‌ಗೆ ಅಪಾಯ ಹೆಚ್ಚು. ಹೆದರಿ ಸುಮ್ನೆ ಒಂದು ದಿನ ನಿಲ್ಲಿಸಿಬಿಡುವ ಹಾಗೂ ಇಲ್ಲ, ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಬರಬೇಕು.

ಇನ್ನೊಂದು ವಿಚಿತ್ರ ಇದೆ. 2013ರಲ್ಲಿ ಡೆನ್ಮಾರ್ಕಿನಲ್ಲಿ 6,55,615 ಮಕ್ಕಳ ದಾಖಲೆ ನೋಡಿದರು. ಗರ್ಭದಲ್ಲಿದ್ದಾಗ ತಾಯಿ ವಾಲ್‌ಪ್ರೋಯೇಟ್ ತೆಗೆದುಕೊಂಡಿದ್ದ ಮಕ್ಕಳು 508. ಒಟ್ಟು ಮಕ್ಕಳಲ್ಲಿ ಆಟಿಸಂ ಸಾಧ್ಯತೆ ಸುಮಾರು ಶೇ. 1.5, ಈ 508ರಲ್ಲಿ ಶೇ. 4.42. ಅಂದರೆ ಆಟಿಸಂ ಇರುವವರ ಕೋಪಕ್ಕೆ ಕೊಡುವ ಔಷಧಿಯೇ ಗರ್ಭದೊಳಗೆ ಆಟಿಸಂ ಸಾಧ್ಯತೆ ಹೆಚ್ಚಿಸುತ್ತದೆ. ಹುಟ್ಟಿದ ಮೇಲೆ ಕುಡಿದ ಮಗುವಿಗೆ ಇದು ಅನ್ವಯಿಸುವುದಿಲ್ಲ. ಆದರೆ ಎಂಟು ವರ್ಷಕ್ಕೆ ಸಿರಪ್ ಶುರುಮಾಡಿದ ಹುಡುಗಿಗೆ ಹದಿನೈದಾದಾಗ ಇದನ್ನು ಅವಳ ಮನೆಯವರಿಗೆ ಹೇಳಲೇಬೇಕಾಗುತ್ತದೆ.

ಈಗಿನ ಹೊಸ ಆಸೆ ಗಾಂಜಾ ಗಿಡದಿಂದ ತೆಗೆದ ಕ್ಯಾನಬಿಡಿಯಾಲ್. 2018ರಲ್ಲಿ ಎಫ್‌ಡಿಎ ಇದನ್ನು ಒಪ್ಪಿದ್ದು ಮಕ್ಕಳ ಎರಡು ಕಠಿಣ ಫಿಟ್ಸ್ ಕಾಯಿಲೆಗಳಿಗೆ. ಅಲ್ಲಿಂದ ಅದೇ ಹಳೆಯ ದಾರಿಯಲ್ಲಿ ಆಟಿಸಂ ಕಡೆಗೆ ಬಂತು. 2021ರಲ್ಲಿ ಇಸ್ರೇಲಿನಲ್ಲಿ 150 ಜನರ ಮೇಲೆ ಇಡೀ ಗಿಡದ ಸಾರದ ಎಣ್ಣೆ ಪರೀಕ್ಷಿಸಿದರು. ವೈದ್ಯರು ಹಾಕಿದ ಅಂಕದಲ್ಲಿ ಎಣ್ಣೆ ಕುಡಿದವರಲ್ಲಿ ಶೇ. 49, ಸುಳ್ಳು ಎಣ್ಣೆ ಕುಡಿದವರಲ್ಲಿ ಶೇ. 21 ಮಂದಿ ಸುಧಾರಿಸಿದ್ದರು. ಆದರೆ ಮಗು ಮನೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅಂತ ಅಪ್ಪ ಅಮ್ಮಂದಿರು ತುಂಬಿದ ಮುಖ್ಯ ಪಟ್ಟಿಯಲ್ಲಿ ಈ ಸಲವೂ ಎರಡು ಗುಂಪಿನ ನಡುವೆ ವ್ಯತ್ಯಾಸ ಕಾಣಲಿಲ್ಲ.