ದನಿ ಬರೋಕೆ ಮೂರು ನಿಮಿಷ

ಹಾಡು ಮಿಕ್ಸ್ ಮಾಡಲು ಕೂತರೆ ನನಗೆ ಬರುವ ಮೊದಲ ಮಾತು ಹೆಚ್ಚಾಗಿ ಒಂದೇ. ‘ಇಂಟ್ರೋ ಉದ್ದ ಆಯ್ತು ಸಾರ್, ಸ್ವಲ್ಪ ಕಟ್ ಮಾಡಿ.’ ಹೋದ ತಿಂಗಳೂ ಹಾಗೇ ಆಯಿತು. ಹಾಡಿನ ಶುರುವಿನಲ್ಲಿ ನಲವತ್ತು ಸೆಕೆಂಡು ಕೊಳಲು. ಹುಡುಗ ತುಂಬಾ ಚೆನ್ನಾಗಿ ನುಡಿಸಿದ್ದ. ಕೊನೆಯ ಸ್ವರಕ್ಕೆ ಮುಂಚೆ ಅವನು ಎಳೆದುಕೊಂಡ ಉಸಿರೂ ಮೈಕಿನಲ್ಲಿ ಸಿಕ್ಕಿತ್ತು. ನಿರ್ಮಾಪಕರು ಸ್ಕ್ರೀನ್ ಮೇಲೆ ಬೆರಳಿಟ್ಟು, ‘ಇಲ್ಲಿಂದ ಶುರು ಮಾಡಿ’ ಎಂದರು. ಎಂಟು ಸೆಕೆಂಡು ಉಳಿಯಿತು. ಆ ಉಸಿರು ಹೋಯಿತು.

ಅವರ ಲೆಕ್ಕ ತಪ್ಪಲ್ಲ. ಸ್ಪಾಟಿಫೈನಲ್ಲಿ ಒಂದು ಹಾಡನ್ನು ‘ಕೇಳಿದರು’ ಅಂತ ಎಣಿಸಬೇಕಾದರೆ ಕನಿಷ್ಠ 30 ಸೆಕೆಂಡು ಓಡಬೇಕು. ಅಷ್ಟರೊಳಗೆ ಕೇಳುಗ ಮುಂದಿನ ಹಾಡಿಗೆ ಹೋದರೆ ಆ ಲೆಕ್ಕ ಇಲ್ಲ. ಅದಕ್ಕೇ ಎಲ್ಲರಿಗೂ ದನಿ ಬೇಗ ಬರಬೇಕು, ಪಲ್ಲವಿ ಇನ್ನೂ ಬೇಗ ಬರಬೇಕು.

ಈಗ ‘ಆಲೋನ್’ ಹಾಡು ನೋಡಿ. ಇಂಗ್ಲೆಂಡಿನ ಕ್ರಾಲಿ ಊರಿನ ‘ದಿ ಕ್ಯೂರ್’ ಬ್ಯಾಂಡ್ ಇದನ್ನು 2024ರ ಸೆಪ್ಟೆಂಬರ್ 26ರಂದು ಬಿಟ್ಟಿತು. ಪಂಕ್ ರಾಕ್‌ನ ಬೆನ್ನಿಗೇ ಬಂದ ‘ನ್ಯೂ ವೇವ್’ ಸಂಗೀತದ ಕಾಲದ ಹಳೇ ತಂಡ, ಮೊದಲ ಆಲ್ಬಂ 1979ರದ್ದು. 2008ರ ನಂತರ ಹೊಸ ಆಲ್ಬಂ ಇರಲಿಲ್ಲ. ಹದಿನಾರು ವರ್ಷ ಆದ ಮೇಲೆ ಬರುವವರು ಮೊದಲ ಹಾಡಾಗಿ ಚಿಕ್ಕದೊಂದನ್ನು, ಥಟ್ಟನೆ ಬಾಯಿಗೆ ಬರುವಂಥದ್ದನ್ನು ಆರಿಸುತ್ತಾರೆ. ಇವರು ಆರಿಸಿದ್ದು ಸುಮಾರು ಏಳು ನಿಮಿಷದ ಹಾಡು. ಅದರಲ್ಲಿ ತಂಡದ ಹಾಡುಗಾರ ರಾಬರ್ಟ್ ಸ್ಮಿತ್ ಅವರ ದನಿ ಬರುವುದೇ ಮೂರು ನಿಮಿಷ ಕಳೆದ ಮೇಲೆ.

ನಾನು ಮೊದಲ ಸಲ ಕೇಳಿದ್ದು ಸ್ಟುಡಿಯೋದಲ್ಲೇ, ರಾತ್ರಿ, ಎಲ್ಲರೂ ಹೋದ ಮೇಲೆ. ನಿಧಾನವಾದ, ಭಾರವಾದ ಡ್ರಮ್. ಕೆಳಗೆ ಸೈಮನ್ ಗ್ಯಾಲಪ್ ಅವರ ಒರಟು ಬಾಸ್ ಗಿಟಾರ್. ಮೇಲೆ ಕೀಬೋರ್ಡ್ ಮಂಜಿನ ಹಾಗೆ ಹರಡಿಕೊಳ್ಳುತ್ತದೆ. ಒಂದು ನಿಮಿಷಕ್ಕೆ ನನ್ನ ಕೈ ತಾನಾಗಿ ಮೌಸ್ ಕಡೆ ಹೋಯಿತು. ಅಭ್ಯಾಸ ಅಲ್ವಾ? ಎರಡನೇ ನಿಮಿಷಕ್ಕೆ ಕೈ ತೊಡೆಯ ಮೇಲಿತ್ತು. ದನಿ ಬಂದಾಗ ಆಗ 65 ವರ್ಷದ ಆ ಮನುಷ್ಯ ಪಕ್ಕದಲ್ಲೇ ಕೂತು ಮಾತಾಡಿದ ಹಾಗಿತ್ತು. ಅಷ್ಟು ಹೊತ್ತು ಕಾದಿದ್ದಕ್ಕೇ ಅದು ಅಷ್ಟು ಹತ್ತಿರ ಕೇಳಿಸಿತು. ದನಿಯನ್ನು ಮುಂದೆ ತರಲು ನಾವು ಫೇಡರ್, ಅಂದರೆ ಸದ್ದು ಹೆಚ್ಚು ಕಡಿಮೆ ಮಾಡುವ ಹಿಡಿ, ಏರಿಸುತ್ತೇವೆ. ಇಲ್ಲಿ ಆ ಕೆಲಸ ಮಾಡಿದ್ದು ಕಾಯುವಿಕೆ.

ಈ ಧೈರ್ಯ ಎಲ್ಲಿಂದ ಬಂತು? ನನ್ನ ಪ್ರಕಾರ ವೇದಿಕೆಯಿಂದ. 2022ರ ಅಕ್ಟೋಬರ್‌ನಲ್ಲಿ ಲಾಟ್ವಿಯಾದ ರೀಗಾದಿಂದ ಅವರ ಪ್ರವಾಸ ಶುರುವಾಯಿತು. ಅಲ್ಲಿ ಕಾರ್ಯಕ್ರಮ ಆರಂಭವಾಗಿದ್ದೇ ಇದೇ ಹಾಡಿನಿಂದ. ಈ ಹಾಡಿರುವ ಹೊಸ ಆಲ್ಬಂನ ಎಂಟು ಹಾಡುಗಳಲ್ಲಿ ಐದನ್ನು ಜನ ಮೊದಲೇ ಎದುರೆದುರು ಕೇಳಿದ್ದರು. ಸ್ಮಿತ್ ತೀರಿಹೋದ ತಮ್ಮ ಅಣ್ಣ ರಿಚರ್ಡ್ ಬಗ್ಗೆ ಬರೆದ ಹಾಡನ್ನು ಪೋಲೆಂಡಿನ ಕ್ರಾಕೋವ್‌ನಲ್ಲಿ ಮೊದಲು ಹಾಡಿದರು. ಹಾಲ್‌ನಲ್ಲಿ ಕೂತವರಿಗೆ ಹಾಡು ಮುಂದೆ ಓಡಿಸಲು ಬಟನ್ ಇಲ್ಲ. ಎಲ್ಲಿ ಜನ ಕೆಮ್ಮುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಅನ್ನೋದು ನುಡಿಸುವವರಿಗೆ ಗೊತ್ತಾಗುತ್ತದೆ. ಇಂಟ್ರೋ ಎಷ್ಟಿರಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಕೇಳುಗರೂ ಫೋನಿನ ರೆಕಾರ್ಡಿಂಗ್‌ಗಳನ್ನು ಹಂಚಿಕೊಂಡು ಹಾಡನ್ನು ಎರಡು ವರ್ಷ ಜೊತೆಯಲ್ಲಿಟ್ಟುಕೊಂಡಿದ್ದರು. ದನಿ ಎಲ್ಲಿ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು.

ಪ್ರಚಾರವೂ ಹೀಗೇ ನಿಧಾನ. ತಂಡ ಶುರುವಿನ ದಿನಗಳಲ್ಲಿ ನುಡಿಸಿದ್ದ ಕ್ರಾಲಿಯ ಪಬ್ ಒಂದರಲ್ಲಿ ಪೋಸ್ಟರ್ ಕಾಣಿಸಿಕೊಂಡಿತು. ಅಭಿಮಾನಿಗಳ ಮನೆಗೆ ಅಂಚೆಯಲ್ಲಿ ಕಾರ್ಡ್ ಬಂತು. ರೋಮನ್ ಅಂಕಿಗಳಲ್ಲಿ ಬರೆದ ದಿನಾಂಕ, 1-11-2024. ಆಲ್ಬಂ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ ಬಂದ ದಿನವೇ ಲಂಡನ್ನಿನ ಟ್ರಾಕ್ಸಿ ಸಭಾಂಗಣದಲ್ಲಿ 31 ಹಾಡು ನುಡಿಸಿದರು, ಯೂಟ್ಯೂಬ್‌ನಲ್ಲಿ ಎಲ್ಲರಿಗೂ ಉಚಿತ. ಬ್ರಿಟನ್ನಿನ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಹೋಯಿತು. 1992ರ ನಂತರ ಅವರಿಗೆ ಅದು ಸಿಕ್ಕಿದ್ದು ಇದೇ ಮೊದಲು.

ಒಂದು ವಿಷಯದಲ್ಲಿ ಮಾತ್ರ ಅವರ ದಾರಿ ಬೇಡ ಅಂತೀನಿ. ಆಲ್ಬಂ ಇನ್ನೇನು ಬಂತು ಅಂತ ಸ್ಮಿತ್ 2019ರಲ್ಲೇ ಹೇಳಿದ್ದರು. ಆಮೇಲೆ ಐದು ವರ್ಷ ಹೋಯಿತು. ಮಾಸ್ಟರ್, ಅಂದರೆ ಪೂರ್ತಿ ಸಿದ್ಧವಾದ ಕೊನೆಯ ರೆಕಾರ್ಡಿಂಗ್, ಕೈಗೆ ಬರುವ ತನಕ ಯಾರಿಗೂ ತಾರೀಕು ಹೇಳಬೇಡಿ ಅಂತ ನನ್ನ ಹತ್ತಿರ ಬರುವ ಎಲ್ಲ ತಂಡಗಳಿಗೂ ಹೇಳುತ್ತೇನೆ.

ಹೊಸಬರು ಮೂರು ನಿಮಿಷದ ಇಂಟ್ರೋ ಇಟ್ಟರೆ ಯಾರು ಕೇಳುತ್ತಾರೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕ್ಯೂರ್ ಬೆನ್ನಿಗೆ ನಲವತ್ತು ವರ್ಷದಿಂದ ಕೇಳುತ್ತಾ ಬಂದವರಿದ್ದಾರೆ. ಆದರೆ ವೇದಿಕೆಯಲ್ಲಿ ಹಾಡಿ ನೋಡಿ ಆಮೇಲೆ ಕತ್ತರಿಸುವುದಕ್ಕೆ ಹಳಬರೇ ಆಗಬೇಕಿಲ್ಲ. ಕೊಳಲಿನ ಆ ಪೂರ್ತಿ ಟೇಕ್ ನನ್ನ ಡ್ರೈವ್‌ನಲ್ಲಿದೆ. ಮೂರು ಕಾರ್ಯಕ್ರಮದಲ್ಲಿ ನಲವತ್ತು ಸೆಕೆಂಡನ್ನೂ ನುಡಿಸಿ, ಆಮೇಲೆ ನಿರ್ಧಾರ ಮಾಡೋಣ ಅಂತ ನಿರ್ಮಾಪಕರನ್ನು ಒಪ್ಪಿಸಿದ್ದೇನೆ.

ಕ್ಯೂರ್ ಆಲ್ಬಂನ ಕೊನೆಯ ಹಾಡು ‘ಎಂಡ್‌ಸಾಂಗ್’ ಹತ್ತು ನಿಮಿಷ ದಾಟುತ್ತದೆ. ಅದರಲ್ಲಿ ದನಿ ಬರುವುದು ಆರು ನಿಮಿಷ ಆದ ಮೇಲೆ. ಫೋನ್ ಬೋರಲು ಹಾಕಿ, ಒಳ್ಳೆಯ ಹೆಡ್‌ಫೋನಿನಲ್ಲಿ ಒಂದು ಸಲ ಕೇಳಿ.