ಕ್ವೇಖ್ ಕಿವಿ ಮೇಲೆ 'ಇವರಿಂದ' ಬೇಡ

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಬೆಳ್ಳಿ ಮೇಲೆ ಹೆಸರು ಕೆತ್ತುವುದು ನನ್ನ ಕೆಲಸ. ಇಲ್ಲಿನ ಮದುವೆ, ನಾಮಕರಣ, ನಿವೃತ್ತಿ ಯಾವುದೇ ಇರಲಿ, ಉಡುಗೊರೆ ಅಂದರೆ ಜನಕ್ಕೆ ಕ್ವೇಖ್ ನೆನಪಾಗುತ್ತದೆ. ಕುಡಿಯೋಕೆ ಬಳಸುವ ಅಗಲವಾದ, ಹೆಚ್ಚು ಆಳವಿಲ್ಲದ ಬಟ್ಟಲು, ಎರಡೂ ಪಕ್ಕ ಚಪ್ಪಟೆ ಹಿಡಿ. ಆ ಹಿಡಿಗೆ ಇಲ್ಲಿಯವರು 'ಲಗ್' ಅಂತಾರೆ, ಕಿವಿ. ಈಚೆಗೆ ನಮ್ಮ ಕನ್ನಡದವರೂ ಜಾಸ್ತಿ ಬರುತ್ತಾರೆ. ಮಗನೋ ಮಗಳೋ ಇಲ್ಲಿಯವರನ್ನೇ ಮದುವೆಯಾಗುತ್ತಾರೆ, ಬೀಗರ ಕಡೆ ಪದ್ಧತಿಗೆ ಮರ್ಯಾದೆ ಕೊಡೋಣ ಅಂತ ಇವರು ಕ್ವೇಖ್ ಕೊಳ್ಳುತ್ತಾರೆ. ತುಂಬಾ ಖುಷಿಯ ವಿಷಯ. ಆಮೇಲೆ ನನ್ನ ಹತ್ತಿರ ಬಂದು ಕೇಳುತ್ತಾರೆ: "ಈ ಕಿವಿ ಮೇಲೆ ನಮ್ಮ ಹೆಸರು, ಆ ಕಿವಿ ಮೇಲೆ ತಾರೀಕು ಹಾಕಿಬಿಡಿ."

'ನಮ್ಮ' ಅಂದರೆ ಕೊಡುವವರ ಹೆಸರು! ಶ್ರೀಮತಿ ಮತ್ತು ಶ್ರೀ ಇಂಥವರಿಂದ, ಮಕ್ಕಳು ಮೊಮ್ಮಕ್ಕಳ ಸಮೇತ.

ಇದು ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು. ಊರಲ್ಲಿ ಪಾತ್ರೆ ಅಂಗಡಿಗೆ ಹೋದರೆ ಸ್ಟೀಲ್ ಡಬ್ಬಿ, ತಟ್ಟೆ, ಕೊಳಗ ಏನೇ ಕೊಂಡರೂ ಅಂಗಡಿಯ ಹುಡುಗ ಗುಂಯ್ ಅನ್ನೋ ಮೆಷಿನ್ ಹಿಡಿದು ಕ್ಷಣದಲ್ಲಿ ಹೆಸರು ಹಾಕಿ ಕೊಡುತ್ತಾನಲ್ಲ, ಅದೇ ಅಭ್ಯಾಸ. ಅದರಲ್ಲಿ ತಪ್ಪೇನೂ ಇಲ್ಲ. ಆ ಹೆಸರಿಗೆ ಕೆಲಸ ಇದೆ. ಯಾರ ಮನೆಯಿಂದ ಏನು ಬಂತು ಅಂತ ಗೊತ್ತಿದ್ದರೆ ತಾನೇ ಅವರ ಮನೆ ಮದುವೆಗೆ ಮುಯ್ಯಿ ಮಾಡೋಕೆ ಆಗೋದು.

ಕ್ವೇಖ್‌ನ ಲೆಕ್ಕ ಬೇರೆ. 17, 18ನೇ ಶತಮಾನದ ಬೆಳ್ಳಿ ಕ್ವೇಖ್‌ಗಳನ್ನು ನೋಡಿ. ಕಿವಿಗಳ ಮೇಲೆ ಸಾಮಾನ್ಯವಾಗಿ ಕಾಣುವುದು ಅದರ ಒಡೆಯರ ಇನಿಷಿಯಲ್, ಎಷ್ಟೋ ಸಲ ಗಂಡ ಹೆಂಡತಿಯದು. ಬಟ್ಟಲು ಹಿಡಿಯುವ ರೀತಿ ಗಮನಿಸಿದರೆ ಇದರ ಚಂದ ಗೊತ್ತಾಗುತ್ತದೆ. ಕೊಡುವವರು ಎರಡೂ ಕೈಯಿಂದ ಎರಡೂ ಕಿವಿ ಹಿಡಿದು ಕೊಡಬೇಕು, ತೆಗೆದುಕೊಳ್ಳುವವರೂ ಎರಡು ಕೈಯಲ್ಲೇ ಇಸ್ಕೊಬೇಕು. ಮದುವೆಯಲ್ಲಿ ಹುಡುಗ ಒಂದು ಗುಟುಕು, ಹುಡುಗಿ ಒಂದು ಗುಟುಕು. ಕೆಲವರು ಆಳಿಗೊಂದು ಕಿವಿ ಹಿಡಿದು ಕುಡಿಯುತ್ತಾರೆ. ಅಂದರೆ ಕುಡಿಯುವಾಗ ಅವರ ಹೆಬ್ಬೆರಳ ಕೆಳಗೆ ಇರೋದು ಆ ಅಕ್ಷರ. ಅಲ್ಲಿ ಅವರದೇ ಅಕ್ಷರ ಇರಬೇಕೋ, ದಾವಣಗೆರೆಯ ಸೋದರಮಾವನ ಪೂರ್ತಿ ಹೆಸರೋ? ನೀವೇ ಹೇಳಿ.

ಹಾಗಂತ ಕೊಟ್ಟವರ ಹೆಸರು ಕ್ವೇಖ್ ಮೇಲೆ ಬರಲೇಬಾರದು ಅಂತ ನಾನು ಹೇಳುತ್ತಿಲ್ಲ. ಪ್ರಶಸ್ತಿಯಾಗಿ, ಸನ್ಮಾನಕ್ಕಾಗಿ ಕೊಡುವ ಕ್ವೇಖ್‌ಗಳಲ್ಲಿ ಯಾರು, ಯಾರಿಗೆ, ಯಾವಾಗ ಅನ್ನುವುದನ್ನೆಲ್ಲ ಬರೆಸುತ್ತಾರೆ, ಬರೆಸಬೇಕು ಕೂಡ. ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ರಗ್ಬಿ ತಂಡಗಳು 1989ರಿಂದ ಆಡುತ್ತಿರುವ ಸೆಂಟಿನರಿ ಕ್ವೇಖ್ ಇದೆ. ಅದು ಗೆದ್ದವರು ಎತ್ತಿ ಹಿಡಿಯುವ ಟ್ರೋಫಿ. ಮದುವೆಯದು, ನಾಮಕರಣದ್ದು ಟ್ರೋಫಿ ಅಲ್ವಲ್ಲ.

ಒಬ್ಬ ತಾಯಿ ಊರಿಂದ ಫೋನ್ ಮಾಡಿದ್ದರು. ತಮ್ಮನ ಮಗಳ ಮದುವೆಗೆ ಕ್ವೇಖ್ ತರಿಸಿದ್ದರು. ನಾನು ಮೇಲೆ ಬರೆದಿದ್ದನ್ನೆಲ್ಲ ಅವರಿಗೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ ಕಣಪ್ಪಾ, ಹೆಸರಿಲ್ಲದಿದ್ರೆ ಯಾರು ಕೊಟ್ಟಿದ್ದು ಅಂತ ಹೇಗೆ ಗೊತ್ತಾಗಬೇಕು?" ಅಂದರು.

"ನಿಮ್ಮ ಸೋದರ ಸೊಸೆಗೆ ಗೊತ್ತಿರುತ್ತಲ್ಲಮ್ಮಾ" ಅಂದೆ.

"ಅವಳಿಗೆ ಗೊತ್ತಿರುತ್ತೆ. ಅವಳ ಅತ್ತೆಗೆ?"

ಇಂಥ ಪ್ರಶ್ನೆಗೆ ಉತ್ತರ ಎಲ್ಲಿಂದ ತರೋದು. ಕೊನೆಗೆ ತಳದಲ್ಲಿ, ಹೊರಮೈಗೆ, ಸಣ್ಣ ಅಕ್ಷರದಲ್ಲಿ 'ಸೋದರತ್ತೆಯಿಂದ' ಅಂತ ಕೆತ್ತಿಕೊಟ್ಟೆ. ನಿಮಗೂ ಹೆಸರು ಬೇಕೇ ಬೇಕು ಅನಿಸಿದರೆ ಜಾಗ ಅದೇ, ತಳದ ಹೊರಮೈ. ಬಟ್ಟಲು ಎತ್ತಿ ಕುಡಿಯುವಾಗ ಎದುರಿಗೆ ಕೂತವರಿಗೆ ಕಾಣುತ್ತದೆ. ಬೀಗಿತ್ತಿಗೂ ಕಾಣುತ್ತದೆ.

ಆದರೆ ತಳದಲ್ಲಿ ಹಾಲ್‌ಮಾರ್ಕ್ ಇದ್ದರೆ ಅದರ ಪಕ್ಕಕ್ಕೆ ನಾನು ಉಳಿ ತರುವುದಿಲ್ಲ. ಎಡಿನ್‌ಬರೋದ್ದಾದರೆ ಮೂರು ಗೋಪುರದ ಕೋಟೆ, 925 ಅನ್ನುವ ಅಂಕಿ, ಮಾಡಿದವರ ಗುರುತು ಇರುತ್ತವೆ, ಬಹಳ ಸಲ ಎದ್ದು ನಿಂತ ಸಿಂಹವೂ. ಹಳೆಯದಾದರೆ ಸಿಂಹದ ಬದಲು ಥಿಸಲ್ ಹೂ. ಅದು 1759ರಲ್ಲಿ ಶುರುವಾಗಿ 1975ರಲ್ಲಿ ಸಿಂಹಕ್ಕೆ ಜಾಗ ಬಿಟ್ಟಿತು. ಆ ಗುರುತನ್ನು ಅಳಿಸುವುದು, ಕೆಡಿಸುವುದು 1973ರ ಹಾಲ್‌ಮಾರ್ಕಿಂಗ್ ಕಾನೂನಿನ ಪ್ರಕಾರ ಅಪರಾಧ. "ಸ್ವಲ್ಪ ಮೇಲೆ ಬಂದರೆ ಏನಾಗುತ್ತೆ ಬಿಡಿ" ಅಂತ ದಯವಿಟ್ಟು ಹೇಳಬೇಡಿ.

ಇನ್ನೂ ಕೆಲವರು ಹರಾಜಲ್ಲಿ ಹಳೇ ಕ್ವೇಖ್ ಹಿಡಿದು ತರುತ್ತಾರೆ. ಒಳಗೆ ಕೆತ್ತಿದ ಟ್ಯುಲಿಪ್ ಹೂ, ಗುಲಾಬಿ. ಮೈ ಮೇಲೆ ಉದ್ದುದ್ದ ಗೆರೆ. ಮೊದಲು ಇವನ್ನು ಮರದ ಪಟ್ಟಿ ಜೋಡಿಸಿ, ಪೀಪಾಯಿ ಥರ ಬಳೆ ಹಾಕಿ ಕಟ್ಟುತ್ತಿದ್ದರು. ಬೆಳ್ಳಿಯಲ್ಲಿ ಮಾಡುವಾಗಲೂ ಅಕ್ಕಸಾಲಿಗರು ಆ ಪಟ್ಟಿಗಳ ನೆನಪಿಗೆ ಗೆರೆ ಎಳೆದರು. ಇಷ್ಟು ಚಂದದ ವಸ್ತು ತಂದಿಟ್ಟು, "ಕಿವಿ ಮೇಲಿರೋ ಹಳೇ ಅಕ್ಷರ ಉಜ್ಜಿ ತೆಗೆದು ನಮ್ಮ ಹುಡುಗರದು ಹಾಕಿ" ಅಂತಾರೆ. ಆಗಲ್ಲ. ಉಜ್ಜಿದರೆ ಬೆಳ್ಳಿ ತೆಳುವಾಗುತ್ತದೆ, ಬೆಲೆಯೂ ಇಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಮುನ್ನೂರು ವರ್ಷದ ಹಿಂದೆ ಯಾವುದೋ ಜೋಡಿ ಹಾಕಿಸಿಕೊಂಡ ಅಕ್ಷರವನ್ನು ಅಳಿಸೋಕೆ ನನಗಂತೂ ಕೈ ಬರುವುದಿಲ್ಲ. ಹೊಸದು ಬೇಕಿದ್ದರೆ ಹೊಸದನ್ನೇ ಕೊಳ್ಳಿ.

ಒಂದು ಕಿವಿಗೆ ಎಷ್ಟು ಅಕ್ಷರ? ಒಂದು ಸಾಕು. ನಮ್ಮವರ ಕಷ್ಟ ಏನೆಂದರೆ ಊರಿನದೊಂದು, ಅಪ್ಪನದೊಂದು ಅಂತ ಹೆಸರಿನ ಮುಂದೆ ಇನಿಷಿಯಲ್ ಸಾಲು ನಿಂತಿರುತ್ತದೆ. ಅದೆಲ್ಲ ಪಾಸ್‌ಪೋರ್ಟಿಗೆ ಇರಲಿ. ಕರೆಯುವ ಹೆಸರಿನ ಮೊದಲ ಅಕ್ಷರ ಕೊಡಿ.

ಅದು ಕನ್ನಡದ್ದೇ ಆದರೆ ಇನ್ನೂ ಚೆನ್ನ. ಇಂಗ್ಲಿಷಿನ ನೆಟ್ಟಗಿನ ಗೆರೆಗಳಿಗಿಂತ ನಮ್ಮ ಅಕ್ಷರದ ತಿರುವುಗಳು ಕೆತ್ತುವ ಕೈಗೆ ಎಷ್ಟು ಹಿತ ಅಂತ ಹೇಳಿದರೆ ಇಲ್ಲಿಯ ಗೆಳೆಯರು ನಗುತ್ತಾರೆ. 'ಅ', 'ಮ', 'ರ' ಚಿಕ್ಕ ಕಿವಿಯಲ್ಲೂ ಆರಾಮಾಗಿ ಕೂರುತ್ತವೆ. 'ಶ್ರೀ', 'ಕೃ' ಬಂದರೆ ಮಾತ್ರ ಕೆಳಗೆ ಒತ್ತಕ್ಷರಕ್ಕೋ ವಟ್ರಸುಳಿಗೋ ಜಾಗ ಬಿಡಬೇಕು, ಆದ್ದರಿಂದ ಸ್ವಲ್ಪ ದೊಡ್ಡ ಬಟ್ಟಲೇ ತೆಗೆದುಕೊಳ್ಳಿ. ಮೆಷಿನ್‌ಗೆ ಕೊಡುವುದಾದರೆ ಹುಷಾರು. ಎಷ್ಟೋ ಕಡೆ ಸಾಫ್ಟ್‌ವೇರಿಗೆ ಕನ್ನಡ ಬರಲ್ಲ, ಒತ್ತು ಒಂದು ಕಡೆ, ದೀರ್ಘ ಇನ್ನೊಂದು ಕಡೆ ಬಿದ್ದಿರುತ್ತದೆ. ಲೇಸರ್ ಗೆರೆ ಬಹಳ ಸಲ ಆಳವೂ ಇರುವುದಿಲ್ಲ, ಪಾಲಿಶ್ ಮಾಡುತ್ತಾ ಹೋದಂತೆ ಸವೆಯುತ್ತದೆ. ಬೆಳ್ಳಿ ಲೇಪದ ಕ್ವೇಖ್ ಆದರೆ ಆಳವಾಗಿ ಕೆತ್ತೋಕೆ ನಾನೂ ಒಪ್ಪುವುದಿಲ್ಲ, ಕೆಳಗಿನ ಲೋಹ ಇಣುಕುತ್ತದೆ.

ಕುಡಿಯುವ ವಿಷಯಕ್ಕೆ ಎರಡು ಮಾತು. ವಿಸ್ಕಿಯೇ ಆಗಬೇಕು ಅಂತೇನಿಲ್ಲ. ಹಾಲು, ಪಾನಕ ಹಾಕಿದವರನ್ನು ಕಂಡಿದ್ದೇನೆ. ಒಬ್ಬ ಹುಡುಗ ಮಾತ್ರ ಹಟ ಹಿಡಿದು ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಸುರಿದ. ಅದು ಮೊದಲು ಮಾರಾಟಕ್ಕೆ ಬಂದಿದ್ದೇ 2004ರಲ್ಲಿ, ಗ್ಲಾಸ್ಗೋದಲ್ಲಿ, ಹಾಗಾಗಿ ಬೀಗರೂ ತಕರಾರು ಮಾಡಲಿಲ್ಲ. "ಎಂಜಲು ಅಲ್ವಾ?" ಅಂತ ಕೇಳುವ ಹಿರಿಯರಿಗೆ ನಾನು ಭೂಮದ ಊಟ ನೆನಪಿಸುತ್ತೇನೆ. ಏನೇ ಹಾಕಿದರೂ ರಾತ್ರಿಯಿಡೀ ಅದರಲ್ಲೇ ಬಿಡಬೇಡಿ, ಅದರಲ್ಲೂ ಉಪ್ಪು, ಹುಳಿ ಇರೋದನ್ನು. ಬಿಸಿ ನೀರು, ಸ್ವಲ್ಪ ಸೋಪು, ಮೆತ್ತನೆ ಬಟ್ಟೆ ಸಾಕು. ಹುಣಸೆಹಣ್ಣು, ಸಬೀನಾ ಹತ್ತಿರಕ್ಕೂ ತರಬೇಡಿ, ನಾನು ಕೆತ್ತಿದ್ದು ಅದರ ಜೊತೆಗೇ ಹೋಗುತ್ತದೆ.

ಕನ್ನಡ ಅಕ್ಷರ ಬೇಕಿದ್ದವರು ಟೈಪ್ ಮಾಡಿ ಕಳಿಸಬೇಡಿ. ಬಿಳಿ ಹಾಳೆ ಮೇಲೆ ಪೆನ್ನಲ್ಲಿ ದಪ್ಪಗೆ ಬರೆದು ಫೋಟೊ ತೆಗೆದು ಕಳಿಸಿ. ಅಜ್ಜಿಯೋ ತಾತನೋ ಬರೆದಿದ್ದಾದರೆ ಅದನ್ನೇ ಹಾಗೇ ಕೆತ್ತಿಕೊಡುತ್ತೇನೆ. ಕೊಡುವವರ ಹೆಸರನ್ನು ಬೇರೆ ಚೀಟಿಯಲ್ಲಿ ಬರೆದು, 'ತಳಕ್ಕೆ' ಅಂತ ಮೇಲೆ ಗುರುತು ಹಾಕಿ.