ಹೊಟ್ಟೆಯ ಸುದ್ದಿ ಮಿದುಳಿಗೆ ಮುಟ್ಟುವ ದಾರಿ

‘ಸೆರೊಟೋನಿನ್ ಶೇಕಡಾ 90ರಷ್ಟು ಹೊಟ್ಟೆಯಲ್ಲೇ ತಯಾರಾಗುತ್ತೆ. ಹೊಟ್ಟೆ ಸರಿಯಿದ್ದರೆ ಖಿನ್ನತೆ ಹತ್ತಿರ ಸುಳಿಯಲ್ಲ.’ ಈ ಮಾತು ನೀವೂ ಕೇಳಿರ್ತೀರಿ, ಅಲ್ವಾ? ಸೆರೊಟೋನಿನ್ ಅಂದರೆ ನರಗಳ ನಡುವೆ ಸುದ್ದಿ ಒಯ್ಯುವ, ಮನಸ್ಥಿತಿಯ ಜೊತೆ ನಂಟಿರುವ ಒಂದು ರಾಸಾಯನಿಕ. ಮೊದಲ ವಾಕ್ಯ ನಿಜ. ಎರಡನೆಯದನ್ನು ಕೇಳಿದಾಗಲೆಲ್ಲ ನನಗೆ ಸುಮ್ಮನಿರಲು ಆಗುವುದಿಲ್ಲ. ಕರುಳಲ್ಲಿ ಹುಟ್ಟಿದ ಸೆರೊಟೋನಿನ್ ಮಿದುಳಿನೊಳಗೆ ಹೋಗುವುದೇ ಇಲ್ಲ. ಮಿದುಳಿನ ರಕ್ತನಾಳಗಳ ಗೋಡೆ ಅದನ್ನು ಒಳಗೆ ಬಿಡುವುದಿಲ್ಲ. ಮಿದುಳು ತನಗೆ ಬೇಕಾದಷ್ಟನ್ನು ತಾನೇ ಮಾಡಿಕೊಳ್ಳುತ್ತದೆ.

ಹಾಗಂತ ಕರುಳಿನ ಬ್ಯಾಕ್ಟೀರಿಯಾಗೂ ಮನಸ್ಸಿಗೂ ನಂಟಿಲ್ಲ ಅಂತಲ್ಲ. ದಾರಿ ಬೇರೆ, ಅಷ್ಟೇ. ಮಿದುಳಿನ ಬುಡದಿಂದ ಹೊರಟು ಕತ್ತು, ಎದೆ ದಾಟಿ ಹೊಟ್ಟೆಗಿಳಿಯುವ ವೇಗಸ್ ಎಂಬ ನರವಿದೆ. ಅದರ ಎಳೆಗಳಲ್ಲಿ ಸುಮಾರು ಶೇಕಡಾ 80 ಕೆಳಗಿನ ಸುದ್ದಿಯನ್ನು ಮೇಲಕ್ಕೆ ಒಯ್ಯುತ್ತವೆ. ಮಿದುಳು ಹೊಟ್ಟೆಗೆ ಹೇಳುವುದಕ್ಕಿಂತ ಹೊಟ್ಟೆಯಿಂದ ಕೇಳುವುದೇ ಜಾಸ್ತಿ! ಗಾಳ ಹಾಕಿ ಕೂತವನನ್ನು ನೆನೆಯಿರಿ. ನೀರೊಳಗಿನ ಮೀನು ಅವನಿಗೆ ಕಾಣುವುದಿಲ್ಲ, ದಾರ ಅಲುಗಿದ್ದು ಬೆರಳಿಗೆ ಗೊತ್ತಾಗುತ್ತದೆ. ಕತ್ತಲಲ್ಲಿ ಬಾವಿಗಿಳಿಸಿದ ಹಗ್ಗವೂ ಹಾಗೇ. ಕೊಡ ನೀರು ಮುಟ್ಟಿತೋ, ತುಂಬಿತೋ, ಎಲ್ಲವನ್ನೂ ಕೈಯೇ ಹೇಳುತ್ತದೆ.

ಆ ಹಗ್ಗ ಕಡಿದರೆ? 2011ರಲ್ಲಿ ಐರ್ಲೆಂಡ್ ಮತ್ತು ಕೆನಡಾದ ವಿಜ್ಞಾನಿಗಳು ಅದನ್ನೂ ನೋಡಿದರು. ಇಲಿಯನ್ನು ನೀರು ತುಂಬಿದ ಪಾತ್ರೆಗೆ ಬಿಟ್ಟರೆ ಸ್ವಲ್ಪ ಹೊತ್ತು ಕೈಕಾಲು ಬಡಿಯುತ್ತದೆ, ಆಮೇಲೆ ಸುಮ್ನೆ ತೇಲುತ್ತದೆ. ಹೀಗೆ ಕೈಚೆಲ್ಲಿ ತೇಲುವುದನ್ನು ವಿಜ್ಞಾನಿಗಳು ಖಿನ್ನತೆಯಂಥ ವರ್ತನೆ ಎಂದು ಎಣಿಸುತ್ತಾರೆ. ಲ್ಯಾಕ್ಟೊಬ್ಯಾಸಿಲಸ್ ಜಾತಿಯ ಒಂದು ಬ್ಯಾಕ್ಟೀರಿಯಾ ತಿಂದ ಇಲಿಗಳು ಹಾಗೆ ತೇಲಿದ್ದು ಕಡಿಮೆ. ವೇಗಸ್ ನರ ಕತ್ತರಿಸಿದ ಇಲಿಗಳಿಗೂ ಅದನ್ನೇ ತಿನ್ನಿಸಿದರು. ಅವುಗಳ ಮೇಲೆ ಬ್ಯಾಕ್ಟೀರಿಯಾ ಏನೂ ಪರಿಣಾಮ ಬೀರಲಿಲ್ಲ. ಎಷ್ಟು ಚೆಂದದ ಪ್ರಯೋಗ!

ಆದರೆ ಇಲಿ ಇಲಿಯೇ. ಅದೇ ಬ್ಯಾಕ್ಟೀರಿಯಾವನ್ನು 29 ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದ ಫಲಿತಾಂಶ 2017ರಲ್ಲಿ ಬಂತು. ಔಷಧವೇ ಇಲ್ಲದ ಬರೀ ಹುಸಿ ಮಾತ್ರೆಗಿಂತ ಹೆಚ್ಚೇನೂ ಆಗಿರಲಿಲ್ಲ. ಇದನ್ನು ತಿಳಿಯದೆ ಮನೋವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿ, ಮಾತ್ರೆ) ಹಿಡಿಯುವವರನ್ನು ನೆನೆದರೆ ಭಯವಾಗುತ್ತದೆ. ಅವಸರದ ನಂಬಿಕೆ ಎಲ್ಲಿಗೆ ಮುಟ್ಟಬಹುದು ಎನ್ನುವುದಕ್ಕೆ ಅಮೆರಿಕದ ನ್ಯೂಜೆರ್ಸಿಯ ಹೆನ್ರಿ ಕಾಟನ್ ಸಾಕ್ಷಿ. ಹಲ್ಲು, ಕರುಳಿನಲ್ಲಿ ಅಡಗಿದ ಸೋಂಕೇ ಹುಚ್ಚಿಗೆ ಕಾರಣ ಎಂದು ಈ ವೈದ್ಯ ನಂಬಿದ್ದ. ಟ್ರೆಂಟನ್‌ನ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳ ಹಲ್ಲು ಕೀಳಿಸಿದ, ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಸಿದ. ಆಂಟಿಬಯಾಟಿಕ್ ಇಲ್ಲದ 1920ರ ಆಸುಪಾಸು ಅದು. ಕರುಳು ತೆಗೆಸಿಕೊಂಡವರಲ್ಲಿ ಹತ್ತಕ್ಕೆ ಮೂವರಾದರೂ ಸತ್ತರು.

ಈಗಿನವರು ಎಣಿಸಿ ನೋಡುತ್ತಿದ್ದಾರೆ. 2019ರಲ್ಲಿ ಬೆಲ್ಜಿಯಂನಲ್ಲಿ ಸಾವಿರಕ್ಕೂ ಹೆಚ್ಚು ಜನರ ಮಲ ಪರೀಕ್ಷಿಸಿದಾಗ, ಖಿನ್ನತೆ ಇರುವವರಲ್ಲಿ ಕೊಪ್ರೊಕಾಕಸ್, ಡಯಾಲಿಸ್ಟರ್ ಎಂಬ ಬ್ಯಾಕ್ಟೀರಿಯಾಗಳು ಕಡಿಮೆ ಇದ್ದವು. ಖಿನ್ನತೆಗೆ ತಿನ್ನುವ ಮಾತ್ರೆಗಳ ಪ್ರಭಾವವನ್ನು ಕಳೆದು ನೋಡಿದರೂ ಕಡಿಮೆಯೇ. ಆದರೆ ಖಿನ್ನತೆಯಲ್ಲಿ ಊಟ ಸೇರುವುದಿಲ್ಲ, ಊಟ ಬದಲಾದರೆ ಬ್ಯಾಕ್ಟೀರಿಯಾಗಳೂ ಬದಲಾಗುತ್ತವೆ. ಯಾವುದು ಮೊದಲು ಕೆಟ್ಟಿತು ಎಂಬುದು ಆ ಎಣಿಕೆಯಿಂದ ತಿಳಿಯುವುದಿಲ್ಲ.